ಪ್ಯಾಂಟಕ್ಕನ ಕಳ್ಳಜೇಬು

ಗಂಡಸರ ಪ್ಯಾಂಟು ಬಿಟ್ಟು ಬೇರೇನನ್ನೂ ಹೊಲಿಯುವುದಿಲ್ಲ ಎಂದು ಹಟ ಹಿಡಿದ ಹೆಂಗಸು ಆ ಊರಿನಲ್ಲಿ ಒಬ್ಬಳೇ. ಅಂಗಿ ತಂದವರನ್ನೂ ಕಿಟಕಿಯ ಪರದೆ ತಂದವರನ್ನೂ ಮುಲಾಜಿಲ್ಲದೆ ಎದುರಿನ ಅಂಗಡಿಗೆ ಅಟ್ಟುತ್ತಿದ್ದಳು. "ಎರಡು ಕಾಲಿರೋದನ್ನ ತನ್ನಿ, ಹೊಲಿತೀನಿ. ಕೈ ಇರೋದು ನನಗೆ ಒಗ್ಗಲ್ಲ" ಅನ್ನುತ್ತಿದ್ದಳು. ಹಾಗಾಗಿ ಬೀದಿಯವರ ಬಾಯಲ್ಲಿ ಅವಳು ಪ್ಯಾಂಟಕ್ಕ. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಮತದಾರರ ಪಟ್ಟಿ ಬಿಟ್ಟರೆ ಅದನ್ನು ಬೇರೆ ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಅವಳ ಅಂಗಡಿಗೆ ಬೀದಿಯಿಂದ ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಮಷೀನಿನ ಎದುರಿಗಿದ್ದ ಒಂದೇ ಒಂದು ಕಿಟಕಿಯಿಂದ ಕಾಣುತ್ತಿದ್ದುದು ಹೋಗಿಬರುವವರ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ಅಷ್ಟು ಸಾಕಿತ್ತು ಅವಳಿಗೆ. ಅಂಚಿನ ಮಡಿಕೆ ನೋಡಿಯೇ "ಹೆಡ್‌ಮೇಷ್ಟ್ರು ಇವತ್ತು ಬೇಗ ಹೊರಟರು" ಎನ್ನುವಳು. ಇಸ್ತ್ರಿಯ ಗೆರೆ ಎರಡಾಗಿದ್ದರೆ "ಬಸ್ ಡ್ರೈವರ್ ಮನೇಲಿ ಜಗಳ ಆಗಿದೆ, ಅವನೇ ಇಸ್ತ್ರಿ ಮಾಡ್ಕೊಂಡಿದ್ದಾನೆ" ಎಂದು ಬಟ್ಟೆ ಕತ್ತರಿಸುತ್ತಲೇ ಹೇಳುವಳು. ಮುಖ ನೋಡಿ ಮನುಷ್ಯನನ್ನು ಅಳೆಯುವವರು ಮೋಸ ಹೋಗುತ್ತಾರೆ ಎಂಬುದು ಅವಳ ಖಚಿತ ಅಭಿಪ್ರಾಯ.

ಕೆಲಸ ಕಲಿಸಿದವನು ಅಪ್ಪ. ಪ್ಯಾಂಟಿನ ಜೊತೆಗೆ ಇನ್ನೊಂದು ವಿದ್ಯೆಯನ್ನೂ ಅವನೇ ಕಲಿಸಿದ್ದ: ಕಳ್ಳಜೇಬು. ಸೊಂಟದ ಪಟ್ಟಿಯ ಎಡಗಡೆ, ಅಸ್ತರಿನ ಒಳಗೆ, ಎರಡು ಬೆರಳು ಹಿಡಿಯುವಷ್ಟು ಚಿಕ್ಕ ಜೇಬು. ಬಾಯಿ ಸರಿಯಾಗಿ ಹೊಲಿಗೆಯ ಗೆರೆಯ ಮೇಲೆಯೇ ಬರುತ್ತಿದ್ದುದರಿಂದ ಎಷ್ಟು ಕಣ್ಣರಳಿಸಿದರೂ ಕಾಣದು. ಅಪ್ಪ ಅದನ್ನು ದೂರ ಪ್ರಯಾಣ ಹೊರಟವರಿಗೆ ಮಾತ್ರ ಇಡುತ್ತಿದ್ದ. ಪ್ಯಾಂಟಕ್ಕ ಎಲ್ಲರಿಗೂ ಇಟ್ಟಳು, ಜೊತೆಗೆ ತನ್ನದೊಂದು ಮಾತನ್ನೂ ಸೇರಿಸಿದಳು. ಪ್ಯಾಂಟು ತೆಗೆದುಕೊಳ್ಳಲು ಬಂದ ಗಿರಾಕಿಯನ್ನು ಹತ್ತಿರ ಕರೆದು, ಅವನ ಬೆರಳನ್ನೇ ಆ ಸೀಳಿಗೆ ಮುಟ್ಟಿಸಿ, ದನಿ ತಗ್ಗಿಸಿ ಹೇಳುವಳು: "ಇದು ನಿಮಗೊಬ್ರಿಗೇ ಇಟ್ಟಿದ್ದೀನಿ. ಯಾರಿಗೂ ಹೇಳ್ಬೇಡಿ."

ಮೂವತ್ತು ವರ್ಷ ಹೀಗೆ ನಡೆಯಿತು. ಗಂಡಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವವರು ಆ ಬೀದಿಯನ್ನು ನೋಡಿದವರಲ್ಲ. ಒಬ್ಬನಾದರೂ ಬಾಯಿ ಬಿಟ್ಟಿದ್ದರೆ ಕೇಳಿ. ಇಡೀ ಬೀದಿಯಲ್ಲಿ ಅಕ್ಕನಿಗೆ ತನ್ನ ಮೇಲೆ ಮಾತ್ರ ವಿಶೇಷ ಅಭಿಮಾನ ಎಂದುಕೊಂಡು ಒಬ್ಬೊಬ್ಬನೂ ಒಳಗೊಳಗೇ ಉಬ್ಬುತ್ತಿದ್ದ, ಮತ್ತೆ ಬಟ್ಟೆ ತರುತ್ತಿದ್ದ. ಹೆಂಡತಿಯರಿಗಂತೂ ಯಾರೂ ಹೇಳಲಿಲ್ಲ. ಹೇಳಿದರೆ ಕಳ್ಳಜೇಬಿಗೆ ಅರ್ಥವೇನು?

ಮದುವೆಯ ಗೋಜಿಗೆ ಅವಳು ಹೋಗಿರಲಿಲ್ಲ. ಅಪ್ಪ ಅಮ್ಮ ಬೇಗ ಹೋದ ಮೇಲೆ ಹದಿನಾಲ್ಕು ವರ್ಷ ಚಿಕ್ಕವನಾದ ತಮ್ಮನನ್ನು ಸಾಕುವುದರಲ್ಲೇ ಆ ವಯಸ್ಸು ಕಳೆದುಹೋಯಿತು. ತಮ್ಮ ವೈರ್‌ಮ್ಯಾನ್ ಆದ. ಒಳ್ಳೆಯ ಕೈ. ಅವನು ಹಾಕಿದ ಸ್ವಿಚ್ಚು ಹತ್ತು ವರ್ಷ ಅಲ್ಲಾಡುತ್ತಿರಲಿಲ್ಲ. ಮೂವತ್ತೈದನೆಯ ವಯಸ್ಸಿನಲ್ಲಿ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ. ಆಸ್ಪತ್ರೆಯವರು ನೋವಿಗೆ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಆಸ್ಪತ್ರೆ ಕೊಡುವುದನ್ನು ನಿಲ್ಲಿಸಿದ ಮೇಲೆ ಬಸ್ ನಿಲ್ದಾಣದ ಹಿಂದೆ ಕೊಡುವವರು ಸಿಕ್ಕರು.

ಆಮೇಲಿನದು ಹೇಳುವಂಥದ್ದಲ್ಲ, ಆದರೂ ಹೇಳಬೇಕು. ರಿಪೇರಿಗೆಂದು ಹೆಡ್‌ಮೇಷ್ಟ್ರ ಮನೆಗೆ ಹೋದವನು ಗೋಡೆಯೊಳಗಿನ ತಾಮ್ರದ ತಂತಿಯನ್ನೇ ಎಳೆದುಕೊಂಡು ಹೋದ. ಆ ಮನೆ ಮೂರು ದಿನ ಕತ್ತಲಲ್ಲಿತ್ತು. ಅಕ್ಕನ ಅಂಗಡಿಯಿಂದ ಅಪ್ಪನ ದೊಡ್ಡ ಕತ್ತರಿಯನ್ನು ಒಯ್ದು ಮಾರಿದ. ಮೇಷ್ಟ್ರ ತಂತಿಗೆ ಅವಳು ಕ್ಷಮೆ ಕೇಳಿ ಬಂದಳು. ಕತ್ತರಿಯನ್ನು ಮಾತ್ರ ಕ್ಷಮಿಸಲಿಲ್ಲ. "ಈ ಮೆಟ್ಟಿಲು ಇಳಿದ್ರೆ ಕಾಲು ಮುರಿತೀನಿ" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ಅಲ್ಲಿಂದ ಎರಡು ವರ್ಷ ಅಕ್ಕತಮ್ಮಂದಿರ ನಡುವೆ ಮಾತಿಲ್ಲ. ದಿನಕ್ಕೊಮ್ಮೆ ಕಿಟಕಿಯಾಚೆ ಅವನ ಕಾಲು ಹಾದುಹೋಗುತ್ತಿತ್ತು. ಹಾದುಹೋಗದ ದಿನ ಅವಳಿಗೆ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ.

ಒಂದು ದಿನ ಆ ಕಾಲು ಬರಲೇ ಇಲ್ಲ. ಪೊಲೀಸರು ಹಿಡಿದಿದ್ದರು, ಹನ್ನೆರಡು ಮಾತ್ರೆಗಳ ಸಮೇತ. ತನ್ನ ಬಳಿ ಇದ್ದದ್ದು ನಿಜ ಎಂದು ಅವನೂ ಒಪ್ಪಿಕೊಂಡ. ಉಳಿದ ಪ್ರಶ್ನೆ ಒಂದೇ: ಮಾತ್ರೆ ಸ್ವಂತಕ್ಕೋ, ಮಾರಾಟಕ್ಕೋ? ಸ್ವಂತಕ್ಕೆ ಎಂದಾದರೆ ಆರು ತಿಂಗಳು ಚಿಕಿತ್ಸಾ ಕೇಂದ್ರ, ಆಮೇಲೆ ಒಂದು ವರ್ಷ ಬೀದಿಯವರ ಕಣ್ಗಾವಲು, ಅದೂ ಬೀದಿಯವರು ಒಪ್ಪಿದರೆ, ಇಲ್ಲದಿದ್ದರೆ ಆಗಲೂ ಜೈಲೇ. ಮಾರಾಟಕ್ಕೆ ಎಂದಾದರೆ ಆರು ವರ್ಷ ಜೈಲು, ಬೀದಿಯವರ ಮಾತಿಗೆ ಅಲ್ಲಿ ಜಾಗವೇ ಇಲ್ಲ. "ಆ ಮೈಯಲ್ಲಿ ಅವನು ಆರು ವರ್ಷ ಜೈಲಲ್ಲಿ ಬದುಕಲ್ಲ ಕಣೇ" ಎಂದು ಮೂರನೆಯ ಮನೆಯ ನಿವೃತ್ತ ನರ್ಸಮ್ಮ ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಹೇಳಿದಳು. ಪ್ಯಾಂಟಕ್ಕ ಮಷೀನು ತುಳಿಯುತ್ತಲೇ ಇದ್ದಳು. ಸೂಜಿಯಲ್ಲಿ ದಾರವಿರಲಿಲ್ಲ.

ಆ ಊರಿನಲ್ಲಿ ಹೊಸದಾಗಿ ಒಂದು ಪದ್ಧತಿ ಬಂದಿತ್ತು. ಇಂಥ ಪ್ರಕರಣದಲ್ಲಿ ಶಿಕ್ಷೆ ಬರೆಯುವ ಮೊದಲು ನ್ಯಾಯಾಧೀಶರು ತಾವೇ ಆ ಬೀದಿಗೆ ಬಂದು, ಅಲ್ಲಿನವರನ್ನು ಕೂರಿಸಿ, ಅವರ ಮಾತು ಕೇಳಬೇಕು. ಕೇಳಿದಂತೆಯೇ ಮಾಡಬೇಕೆಂದಿಲ್ಲ. ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ಬರೆಯಬೇಕು. ರಕ್ತಸಂಬಂಧಿಗಳು ಬಂದು ಕೂರಬಹುದು, ಬಾಯಿ ತೆರೆಯುವಂತಿಲ್ಲ. ಅವರ ಮಾತು ಏನಿರುತ್ತದೆಂದು ಎಲ್ಲರಿಗೂ ಗೊತ್ತೇ ಇರುತ್ತದಲ್ಲ.

ಬೆಳಗಿನ ಹತ್ತು ಗಂಟೆಗೆ ವಾಚನಾಲಯದ ಓದುವ ಕೋಣೆಯಲ್ಲಿ ನಲವತ್ತು ಜನ ಸೇರಿದರು. ಉದ್ದನೆಯ ಮೇಜುಗಳನ್ನು ಗೋಡೆಗೆ ಸರಿಸಿ, ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ನಡುವಿನ ಚಿಕ್ಕ ಮೇಜಿನ ಹಿಂದೆ ಜಡ್ಜಮ್ಮ ಕೂತಿದ್ದರು. ಅವರಿಗೆ ನೆಗಡಿ, ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. ಪ್ಯಾಂಟಕ್ಕನ ತಮ್ಮ ಕಾನ್‌ಸ್ಟೆಬಲ್ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದ. ಹೆಡ್‌ಮೇಷ್ಟ್ರು ಮುಂದಿನ ಸಾಲಿನಲ್ಲಿ, ಹೆಂಡತಿಯ ಪಕ್ಕ, ಎರಡು ಪುಟದ ಭಾಷಣ ಬರೆದುಕೊಂಡು ಬಂದಿದ್ದರು. ಅದರಲ್ಲಿ ಏನಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ದುಶ್ಚಟಗಳ ಬಗ್ಗೆ ಅವರು ಮೂವತ್ತು ವರ್ಷದಿಂದ ಭಾಷಣ ಮಾಡುತ್ತಲೇ ಇದ್ದರು.

ಅಳಬಾರದೆಂದು ತೀರ್ಮಾನಿಸಿಕೊಂಡೇ ಬಂದಿದ್ದಳು ಪ್ಯಾಂಟಕ್ಕ. ಹಿಂದಿನ ಸಾಲಿನಲ್ಲಿ ಕೂತು ಕೈಕಟ್ಟಿದಳು.

ಸರ್ಕಾರಿ ವಕೀಲರು ಎದ್ದು ಪ್ಲಾಸ್ಟಿಕ್ ಚೀಲದಿಂದ ಒಂದು ಪ್ಯಾಂಟು ಹೊರತೆಗೆದರು. ಬೂದು ಬಣ್ಣ, ಎರಡು ನೆರಿಗೆ, ಮೂರು ವರ್ಷದ ಹಿಂದಿನ ಹೊಲಿಗೆ. ಅಕ್ಕನಿಗೆ ಹತ್ತು ಮಾರು ದೂರದಿಂದಲೇ ಗುರುತು ಸಿಕ್ಕಿತು.

"ಮಾತ್ರೆ ಸಿಕ್ಕಿದ್ದು ಇದರ ಒಳಗೆ," ಎಂದರು ವಕೀಲರು. "ಮಾಮೂಲಿ ಜೇಬಲ್ಲ. ನಮ್ಮವರು ಮೂರು ಸಲ ತಡಕಿದ್ರೂ ಸಿಗಲಿಲ್ಲ. ನಾಲ್ಕನೇ ಸಲ ಪಟ್ಟಿಯ ಹೊಲಿಗೇನೇ ಬಿಚ್ಚಿದ ಮೇಲೆ ಸಿಕ್ತು."

ಮೂರು ಸಲ ಎಂದಾಗ ಪ್ಯಾಂಟಕ್ಕನಿಗೆ ಮೊದಲು ಬಂದದ್ದು ಹೆಮ್ಮೆ. ಅದರ ಹಿಂದೆಯೇ ನಾಚಿಕೆ ಬಂತು.

"ತಾನು ತಿನ್ನೋ ಮಾತ್ರೆಗೆ ಯಾರೂ ಇಷ್ಟೆಲ್ಲಾ ಕಷ್ಟಪಟ್ಟು ಜೇಬು ಮಾಡಿಸ್ಕೊಳ್ಳಲ್ಲ. ಇದು ಮಾರೋರ ಕಸುಬು. ಈ ಜೇಬೇ ಸಾಕ್ಷಿ," ಎಂದು ವಕೀಲರು ಪ್ಯಾಂಟನ್ನು ಮೇಜಿನ ಮೇಲಿಟ್ಟರು.

ಜಡ್ಜಮ್ಮ ತಮ್ಮನ ಕಡೆ ತಿರುಗಿದರು. "ಈ ಜೇಬು ಯಾರು ಹೊಲಿದುಕೊಟ್ಟಿದ್ದು?"

ತಮ್ಮ ತಲೆಯೆತ್ತಲಿಲ್ಲ. "ನಾನೇ ಹೊಲ್ಕೊಂಡೆ," ಎಂದ.

ಪ್ಯಾಂಟಕ್ಕ ಕಟ್ಟಿದ್ದ ಕೈ ಬಿಚ್ಚಿದಳು. ಇವನು ಹೊಲಿದುಕೊಂಡನಂತೆ! ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಆರು ತಿಂಗಳು ತಿರುಗುವವನು, ಸೂಜಿಗೆ ದಾರ ಪೋಣಿಸಲು ಬಾರದವನು! ಅಕ್ಕನ ಹೆಸರು ಪೊಲೀಸರ ಕಾಗದದಲ್ಲಿ ಬರಬಾರದೆಂದು ಹೇಳಿದ ಸುಳ್ಳು ಅದು. ಆ ಒಂದು ಸುಳ್ಳಿನಿಂದ ತನ್ನ ಕೊರಳಿಗೆ ತಾನೇ ಆರು ವರ್ಷದ ಉರುಳು ಹಾಕಿಕೊಂಡಿದ್ದ. ಎರಡು ವರ್ಷದಿಂದ ಗಟ್ಟಿಯಾಗಿ ಹಿಡಿದಿಟ್ಟ ಸಿಟ್ಟು ಆ ಕ್ಷಣ ಅವಳ ಕೈಯಿಂದ ಜಾರಿಹೋಯಿತು. ದಡ್ಡ, ನನ್ನ ದಡ್ಡ ತಮ್ಮ, ಎಂದುಕೊಂಡಳು.

ಕೋಣೆಯಲ್ಲಿ ಇನ್ನೊಂದು ವಿಚಿತ್ರವೂ ನಡೆಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಗಂಡಸರು ಒಬ್ಬೊಬ್ಬರಾಗಿ ಸೊಂಟ ಮುಟ್ಟಿ ನೋಡಿಕೊಂಡರು. ನನಗೂ ಇದೆಯಲ್ಲ, ಅವನಿಗೂ ಇದೆ, ಊರಿನಲ್ಲಿ ನಮ್ಮಿಬ್ಬರಿಗೇ ಇದೆ, ಈಗ ಬಾಯಿ ಬಿಟ್ಟರೆ ನನ್ನನ್ನೂ ಅವನ ಜೊತೆಗಾರ ಅಂದರೆ? ಪ್ರತಿಯೊಬ್ಬನ ತಲೆಯಲ್ಲೂ ಇದೇ ಲೆಕ್ಕ. ಬಸ್ ಡ್ರೈವರ್ ಅಂಗಿಯನ್ನು ಕೆಳಗೆ ಎಳೆದುಕೊಂಡ. ಹೆಡ್‌ಮೇಷ್ಟ್ರು ತಮ್ಮ ಎರಡು ಪುಟಗಳನ್ನು ಹೊಟ್ಟೆಗೆ ಅಡ್ಡ ಹಿಡಿದರು.

ಪ್ಯಾಂಟಕ್ಕ ಕೈಯೆತ್ತಿದಳು. ಗುಮಾಸ್ತ ಕಾಗದ ನೋಡಿ, "ನೀವು ಅಕ್ಕ. ಸಂಬಂಧಿಕರು ಮಾತಾಡೋ ಹಾಗಿಲ್ಲ, ಕೂತ್ಕೊಳ್ಳಿ," ಎಂದ.

ಕೂತಳು. ಕೂತಲ್ಲಿ ಇರಲಾರದೆ ಮತ್ತೆ ಎದ್ದಳು.

"ನಾನು ಅವನ ಅಕ್ಕ ಅಂತ ಮಾತಾಡ್ತಿಲ್ಲಮ್ಮಾ. ಆ ಪ್ಯಾಂಟಿನ ದರ್ಜಿ ಅಂತ ಮಾತಾಡ್ತೀನಿ. ದರ್ಜಿ ಮಾತಾಡಬಾರ್ದು ಅಂತ ನಿಮ್ಮ ಕಾಗದದಲ್ಲಿ ಬರ್ದಿದ್ಯಾ?"

ಜಡ್ಜಮ್ಮ ಕಾಗದವನ್ನು ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಬರೆದಿಲ್ಲ. ಹೇಳಿ."

"ಆ ಜೇಬು ನಾನು ಹೊಲಿದಿದ್ದು. ಅವನು ಮಾತ್ರೆ ಮುಟ್ಟೋಕೂ ಮೊದ್ಲೇ ಹೊಲಿದಿದ್ದು. ಅವನು ಕೇಳೂ ಇರ್ಲಿಲ್ಲ, ನಾನೇ ಇಟ್ಟೆ. ನಾನು ಹೊಲಿಯೋ ಎಲ್ಲಾ ಪ್ಯಾಂಟಿಗೂ ಇಡ್ತೀನಿ."

ಸರ್ಕಾರಿ ವಕೀಲರು ನಕ್ಕರು. "ತಮ್ಮನ್ನ ಉಳಿಸ್ಕೊಳ್ಳೋಕೆ ಯಾವ ಅಕ್ಕ ತಾನೆ ಹೀಗೆ ಹೇಳಲ್ಲ? ಎಲ್ಲರಿಗೂ ಇಟ್ಟಿದ್ರೆ ಇಷ್ಟೊತ್ತಿಗೆ ಇಲ್ಲಿ ಯಾರಾದ್ರೂ ಹೇಳ್ತಿದ್ರು."

ಹೌದಲ್ಲ! ಯಾರೂ ಯಾಕೆ ಹೇಳುತ್ತಿಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ. ಹೇಳಿದರೆ ಮೂವತ್ತು ವರ್ಷದ ಬಂಡವಾಳ ಬಯಲಾಗುತ್ತದೆ. ಈ ಗಂಡಸರು ನಾಳೆಯಿಂದ ಅವಳನ್ನು ಸುಳ್ಳಿ ಅನ್ನಬಹುದು, ಮೆಟ್ಟಿಲು ಇಳಿಯದೆಯೂ ಹೋಗಬಹುದು. ಐವತ್ತೆರಡು ವರ್ಷಕ್ಕೆ ಇನ್ನೊಂದು ಕೆಲಸ ಕಲಿಯಲಾದೀತೇ?

"ಅವ್ರು ಹೇಳಲ್ಲ ಸ್ವಾಮಿ. ಯಾಕಂದ್ರೆ ಒಬ್ಬೊಬ್ರಿಗೂ ಬೇರೆಬೇರೆಯಾಗಿ, ಇದು ನಿಮಗೊಬ್ರಿಗೇ ಅಂತ ಹೇಳಿ ಕೊಟ್ಟಿದ್ದೀನಿ. ಅದು ಸುಳ್ಳು. ಎಲ್ಲರಿಗೂ ಅದೇ ಹೇಳಿದ್ದೀನಿ." ಕುರ್ಚಿಗಳ ಕಡೆ ತಿರುಗಿದಳು. "ತಪ್ಪಾಯ್ತು ನಂದು. ಬೈಯೋದನ್ನ ಆಮೇಲೆ ಬೈರಿ. ಈಗ ನನ್ನ ಹತ್ರ ಹೊಲಿಸ್ದೋರೆಲ್ಲ ಎದ್ದು ನಿಂತ್ಕೊಂಡು ಎಡಗಡೆ ಪಟ್ಟಿ ಒಳಗೆ ಬೆರಳು ಹಾಕಿ."

ಯಾರೂ ಏಳಲಿಲ್ಲ. ಆ ಅರ್ಧ ನಿಮಿಷ ತನ್ನ ಆಯುಷ್ಯದಲ್ಲೇ ಉದ್ದವಾದ ಅರ್ಧ ನಿಮಿಷ ಎಂದು ಪ್ಯಾಂಟಕ್ಕ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ.

ಮೊದಲು ಎದ್ದವರು ಹೆಡ್‌ಮೇಷ್ಟ್ರು. ಯಾರು ಏಳಲಾರರೆಂದು ಅವಳು ಅಂದುಕೊಂಡಿದ್ದಳೋ ಅವರೇ. ಕನ್ನಡಕ ಸರಿಮಾಡಿಕೊಂಡು, ಎಡಗೈಯ ಎರಡು ಬೆರಳನ್ನು ಪಟ್ಟಿಯೊಳಗೆ ತೂರಿಸಿದರು. ಹೊರಬಂದದ್ದು ಒಂದು ಸಿಗರೇಟು, ನಡುವಿನಲ್ಲಿ ಸ್ವಲ್ಪ ಬಾಗಿದ್ದು.

"ಎಂಟು ವರ್ಷ ಆಯ್ತು ಬಿಟ್ಟು ಅಂದಿದ್ರಿ?" ಎಂದಳು ಅವರ ಹೆಂಡತಿ, ಕೋಣೆಗೆಲ್ಲ ಕೇಳುವ ಹಾಗೆ.

"ದಿನಕ್ಕೆ ಒಂದೇ ಕಣೇ," ಎಂದರು ಮೇಷ್ಟ್ರು, ಶಾಲೆಯ ಮಗುವಿನ ದನಿಯಲ್ಲಿ.

ಆಮೇಲೆ ಕುರ್ಚಿಗಳು ಒಂದರ ಹಿಂದೊಂದು ಕಿರುಗುಟ್ಟಿದವು. ಸಕ್ಕರೆ ಕಾಯಿಲೆಯ ಬಸ್ ಡ್ರೈವರ್ ಜೇಬಿನಿಂದ ನಾಲ್ಕು ಪೆಪ್ಪರ್‌ಮಿಂಟು ತೆಗೆದ. ಕ್ಷೌರದಂಗಡಿಯವನು ಏನನ್ನೋ ತೆಗೆದು, ಹೆಂಡತಿಯ ಮುಖ ನೋಡಿ, ಮತ್ತೆ ಒಳಗೆ ತುರುಕಿಕೊಂಡ. ಎಣಿಸಿದರೆ ಹತ್ತೊಂಬತ್ತು ಜನ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು, ಒಬ್ಬರ ಸೊಂಟವನ್ನು ಒಬ್ಬರು ನೋಡುತ್ತ ನಿಂತಿದ್ದರು. ತಮ್ಮನನ್ನು ಕಾಯುತ್ತಿದ್ದ ಕಾನ್‌ಸ್ಟೆಬಲ್ ಗಂಟಲು ಸರಿಮಾಡಿಕೊಂಡು, "ಮೇಡಂ, ನನಗೂ ಇದೆ," ಎಂದ. ಸರ್ಕಾರಿ ವಕೀಲರು ತಮಗರಿವಿಲ್ಲದೆ ತಮ್ಮ ಪಟ್ಟಿಯನ್ನೂ ತಡಕಿ ನೋಡಿದರು. ಅಲ್ಲೇನೂ ಇರಲಿಲ್ಲ. ಸ್ವಲ್ಪ ಬೇಜಾರಾದಂತೆಯೇ ಕಂಡರು.

ಹೆಂಗಸರ ಕಡೆಯಿಂದ ಎದ್ದ ನಗು ಜಡ್ಜಮ್ಮನವರೆಗೂ ಹರಡಿತು. ಅವರು ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡಿದ್ದು ಆ ಸಲ ನೆಗಡಿಗಲ್ಲ. ಆಮೇಲೆ ಪೆನ್ನು ತೆಗೆದು ಬರೆಯುತ್ತ, ಗಟ್ಟಿಯಾಗಿ ಓದಿದರು: "ಜೇಬು ಈ ಬೀದಿಯ ಎಲ್ಲ ಪ್ಯಾಂಟುಗಳಲ್ಲೂ ಇರುವಂಥದ್ದು. ಅದರಿಂದ ಮಾರಾಟದ ಉದ್ದೇಶ ಸಾಬೀತಾಗುವುದಿಲ್ಲ. ಮಾತ್ರೆ ಸ್ವಂತಕ್ಕೆ ಎಂದು ಪರಿಗಣಿಸಲಾಗಿದೆ."

ಪ್ಯಾಂಟಕ್ಕ ಕುರ್ಚಿಯನ್ನು ತಡಕಿ ಕೂತಳು. ಅವಳ ಅಂಜಿಕೆಯೂ ನಿಜವಾಗಲಿಲ್ಲ ಎಂದು ಇಲ್ಲಿಯೇ ಹೇಳಿಬಿಡಬೇಕು. ಆ ದಿನದ ಮೇಲೆ ಮುನಿಸಿಕೊಂಡು ಬಿಟ್ಟುಹೋದ ಗಿರಾಕಿ ಕ್ಷೌರದಂಗಡಿಯವನೊಬ್ಬನೇ, ಅದೂ ಹೆಂಡತಿಯ ಒತ್ತಾಯಕ್ಕೆ.

ಆದರೆ ಕೆಲಸ ಅರ್ಧ ಮಾತ್ರ ಮುಗಿದಿತ್ತು. ಈಗ ಬೀದಿ ಮಾತಾಡಬೇಕು. ನಗು ಇಳಿದ ಮೇಲೆ ಜನ ಹೇಳಿದ ಮಾತುಗಳು ನಗುವಂಥವಲ್ಲ. ತಮ್ಮನು ಕದ್ದೊಯ್ದ ಸೈಕಲ್ಲಿನ ಮಾತು ಬಂತು. ಮಹಡಿಯ ಮೆಟ್ಟಿಲ ಮೇಲೆ ಅವನು ವಾಂತಿ ಮಾಡಿ ಬಿದ್ದಿದ್ದಾಗ ಅವನನ್ನು ದಾಟಿ ಶಾಲೆಗೆ ಹೋದ ಮಕ್ಕಳ ಮಾತು ಬಂತು. ಒಂದೊಂದಕ್ಕೂ ತಮ್ಮ "ಹೌದು" ಎಂದ. ಅಕ್ಕ ಒಂದನ್ನೂ ಬಿಡದೆ ಕೇಳಿಸಿಕೊಂಡಳು.

"ಸುಮ್ನೆ ಬಿಟ್ಟುಬಿಡಿ ಅಂತ ನಾನು ಹೇಳಲ್ಲ," ಎಂದಳು ನರ್ಸಮ್ಮ. "ಬಿಟ್ರೆ ಸಾಯ್ತಾನೆ. ಜೈಲಿಗೆ ಹಾಕಿದ್ರೂ ಸಾಯ್ತಾನೆ. ಚಿಕಿತ್ಸೆಗೆ ಹಾಕಿ, ಆಮೇಲೆ ಇಲ್ಲಿಗೇ ಕಳಿಸಿ. ಕಣ್ಣೆದುರಿಗಿದ್ರೆ ನಮಗೆ ಬೈಯೋಕಾದ್ರೂ ಸಿಗ್ತಾನೆ."

ಹೆಡ್‌ಮೇಷ್ಟ್ರು ತಮ್ಮ ಎರಡು ಪುಟಗಳನ್ನು ಓದಲಿಲ್ಲ. "ಆರು ವರ್ಷ ಕೊಡಿ ಅಂತ ಬರ್ಕೊಂಡು ಬಂದಿದ್ದೆ," ಎಂದರು. "ಒಂದು ಸಿಗರೇಟು ಬಿಡೋಕೆ ನನಗೆ ಎಂಟು ವರ್ಷ ಸಾಲಲಿಲ್ಲ. ಇನ್ನೊಬ್ಬನಿಗೆ ವರ್ಷ ಎಣಿಸಿ ಕೊಡೋಕೆ ನಾನ್ಯಾರು? ಆದ್ರೆ ಮೂರು ದಿನ ಕತ್ತಲಲ್ಲಿ ಕೂತಿದ್ದನ್ನ ಮರ್ತಿಲ್ಲ. ವಾಪಸ್ ಬಂದ ಮೇಲೆ ನನ್ನ ಮನೆ ತಂತಿ ಅವನೇ ಎಳೆದುಕೊಡ್ಬೇಕು. ಮುಗಿಯೋವರ್ಗೂ ನಾನು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."

ಜಡ್ಜಮ್ಮ ಬರೆದುಕೊಂಡರು. ಆರು ತಿಂಗಳು ಚಿಕಿತ್ಸಾ ಕೇಂದ್ರ. ಬಂದ ಮೇಲೆ ಒಂದು ವರ್ಷ, ವಾರಕ್ಕೊಮ್ಮೆ ನರ್ಸಮ್ಮನ ಮುಂದೆ ಹಾಜರಿ. ಕದ್ದ ಮನೆಗಳಿಗೆ ಕೆಲಸ. "ಇನ್ನೊಂದಿದೆ. ಇವನಿಗೆ ಜವಾಬ್ದಾರಿ ಅಂತ ಇಬ್ಬರು ಸಹಿ ಹಾಕ್ಬೇಕು. ಸಂಬಂಧಿಕರು ಆಗೋ ಹಾಗಿಲ್ಲ."

ಪ್ಯಾಂಟಕ್ಕ ಕಣ್ಣು ಮುಚ್ಚಿಕೊಂಡಳು. ಹದಿನೈದನೆಯ ವಯಸ್ಸಿನಲ್ಲಿ ಆ ಕೂಸನ್ನು ಸೊಂಟಕ್ಕೇರಿಸಿಕೊಂಡ ದಿನದಿಂದ ಅವನಿಗೆ ಜವಾಬ್ದಾರಿ ಎಂದರೆ ಅವಳೊಬ್ಬಳೇ. ಬೇರೆ ಯಾರಾದರೂ ಆ ಭಾರಕ್ಕೆ ಕೈ ಕೊಡಬಹುದೆಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಕಣ್ಣು ತೆರೆದಾಗ ನರ್ಸಮ್ಮ ಸಹಿ ಮಾಡಿ ಆಗಿತ್ತು, ಹೆಡ್‌ಮೇಷ್ಟ್ರು ಬಗ್ಗಿ ಸಹಿ ಮಾಡುತ್ತಿದ್ದರು. ಅವರ ಹಿಂದೆ ಬಸ್ ಡ್ರೈವರ್, ಸೈಕಲ್ಲು ಕಳೆದುಕೊಂಡವನು, ಇನ್ನೂ ಐದಾರು ಜನ ನಿಂತಿದ್ದರು. "ಇಬ್ಬರು ಸಾಕು," ಎಂದ ಗುಮಾಸ್ತ. "ಇರ್ಲಿ ಬಿಡಿ, ಜಾಗ ಇದ್ಯಲ್ಲ," ಎಂದ ಡ್ರೈವರ್. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಳಬಾರದೆಂಬ ತೀರ್ಮಾನ ಎಲ್ಲಿ ಹೋಯಿತೋ, ಸೆರಗೂ ಕರವಸ್ತ್ರವೂ ಸಾಲದಷ್ಟು ಅತ್ತಳು.

ಚಿಕಿತ್ಸಾ ಕೇಂದ್ರದ ವ್ಯಾನು ವಾಚನಾಲಯದ ಬಾಗಿಲಲ್ಲಿ ನಿಂತಿತ್ತು. ಕಾನ್‌ಸ್ಟೆಬಲ್ ಜೊತೆ ಹೊರಬಂದ ತಮ್ಮ ಅಕ್ಕನ ಎದುರು ಬಂದಾಗ ನಿಂತ. ಎರಡು ವರ್ಷವಾಗಿತ್ತು, ಎಲ್ಲಿಂದ ಶುರು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನ ಒಂದು ಕೈ ಪ್ಯಾಂಟು ಜಾರದಂತೆ ಸೊಂಟವನ್ನು ಹಿಡಿದುಕೊಂಡಿತ್ತು. ಅಕ್ಕನ ಕಣ್ಣು ಟೇಪಿಲ್ಲದೆಯೇ ಅಳೆದುಬಿಟ್ಟಿತು: ಐದು ಇಂಚು ಇಳಿದಿದ್ದಾನೆ.

"ಅಕ್ಕಾ," ಎಂದ ಕೊನೆಗೆ, ನೆಲ ನೋಡುತ್ತ. "ಮನೇಲಿರೋ ಪ್ಯಾಂಟೆಲ್ಲ ಸಡಿಲ ಆಗಿವೆ. ಬರೋಷ್ಟರಲ್ಲಿ ಸೊಂಟ ಸ್ವಲ್ಪ ಚಿಕ್ಕದು ಮಾಡಿಡ್ತೀಯಾ?"

ಮೂವತ್ತು ವರ್ಷದಲ್ಲಿ ಅವಳು ಯಾರಿಗೂ ಪ್ಯಾಂಟಿನ ಕೆಲಸ ಆಗುವುದಿಲ್ಲ ಎಂದವಳಲ್ಲ.

"ಮಾಡಲ್ಲ, ಹೋಗು," ಎಂದಳು. "ಪ್ಯಾಂಟು ಹಾಗೇ ಇರುತ್ತೆ. ನೀನು ಉಂಡು ಮೈ ತುಂಬ್ಕೊಂಡು ಬಾ."

ತಮ್ಮ ತಲೆಯಾಡಿಸಿದ. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ವ್ಯಾನು ಹತ್ತಿದ.